ಬೇರಿನ ಗಂಟಿನೊಳಗಿನ ಜೀವಿಯನ್ನು ಹಿಡಿದರು, ಅದು ಮಾಡುವ ಕೆಲಸವನ್ನೇ ನಂಬಲಿಲ್ಲ: ಬೈಯರಿಂಕ್ ಎಂಬ ಒಂಟಿ ವಿಜ್ಞಾನಿಯ ಕಥೆ

ಹೂ ಬಿಡುವ ಹೊತ್ತಿಗೆ ತೊಗರಿಯದ್ದೋ, ಅವರೆಯದ್ದೋ, ಶೇಂಗಾದ್ದೋ ಒಂದು ಗಿಡವನ್ನು ಬುಡದ ಮಣ್ಣು ಸಡಿಲಿಸಿ ಮೆಲ್ಲಗೆ ಕಿತ್ತು ನೋಡಿ. ಬೇರಿನ ತುಂಬ ಸಾಸಿವೆ ಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತ ದಪ್ಪನೆಯ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು ಬಣ್ಣ. ಮೊದಲ ಸಲ ನೋಡಿದವರಿಗೆ ಗಿಡಕ್ಕೆ ರೋಗ ಬಂದಿದೆ ಎನಿಸೀತು. ಆದರೆ ಅದು ರೋಗವಲ್ಲ. ಆ ಗಂಟಿನೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತಿರುತ್ತವೆ.

ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವ ಹಳೇ ಮೈಸೂರು ಭಾಗದ ರೈತರಿಗೆ ಇದರ ಫಲ ತಲೆಮಾರುಗಳಿಂದ ಗೊತ್ತು. ದ್ವಿದಳ ಧಾನ್ಯ ಬೆಳೆದ ನೆಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಎಂಬುದು ಅನುಭವದ ಮಾತು. ಆದರೆ ಯಾಕೆ ಎಂಬ ಪ್ರಶ್ನೆಗೆ 19ನೇ ಶತಮಾನದ ಕೊನೆಯವರೆಗೂ ಜಗತ್ತಿನಲ್ಲಿ ಯಾರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಆ ಗಂಟಿನೊಳಗಿನ ಜೀವಿಯನ್ನು ಮೊದಲ ಬಾರಿಗೆ ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದವರು ಹಾಲೆಂಡ್‌ನ ಮಾರ್ಟಿನಸ್ ವಿಲೆಮ್ ಬೈಯರಿಂಕ್. ಅದು 1888. ವಿಚಿತ್ರವೆಂದರೆ, ತಾವು ಹಿಡಿದ ಆ ಜೀವಿಯೇ ಗಾಳಿಯ ಸಾರಜನಕವನ್ನು ಕಟ್ಟಿಹಾಕುತ್ತದೆ ಎಂಬುದನ್ನು ಒಪ್ಪಲು ಅವರಿಗೇ ಮನಸ್ಸಿರಲಿಲ್ಲ.

ತಂಬಾಕು ವ್ಯಾಪಾರಿಯ ಮಗ

ಬೈಯರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ನಾಲ್ವರು ಮಕ್ಕಳಲ್ಲಿ ಕಿರಿಯವರು. ತಂದೆ ಡೆರ್ಕ್ ತಂಬಾಕು ವ್ಯಾಪಾರಿ. ಮಗ ಇನ್ನೂ ಚಿಕ್ಕವನಿರುವಾಗಲೇ ವ್ಯಾಪಾರ ದಿವಾಳಿಯಾಯಿತು. ಮನೆ ನಡೆಸಲು ತಂದೆ ರೈಲ್ವೆಯಲ್ಲಿ ಗುಮಾಸ್ತರಾದರು. ಕುಟುಂಬ ಊರು ಬಿಟ್ಟು ಊರಿಗೆ ಹೋಯಿತು. ಹುಡುಗನನ್ನು ಶಾಲೆಗೆ ಕಳಿಸಿದ್ದೂ ತಡವಾಗಿ, ಅಲ್ಲಿಯವರೆಗೆ ಮನೆಯಲ್ಲಿ ತಂದೆಯೇ ಪಾಠ ಹೇಳಿದರು. ಶಾಲೆಗೆ ಹೋದ ಮೇಲೆ ಹುಡುಗನ ಮನಸ್ಸು ಹರಿದದ್ದು ಗಿಡಗಳ ಕಡೆಗೆ. ಹದಿಹರೆಯದಲ್ಲೇ ಸಸ್ಯ ಸಂಗ್ರಹ ಸ್ಪರ್ಧೆಯೊಂದರಲ್ಲಿ ಬಹುಮಾನ ಗೆದ್ದ.

ಓದಿಸಲು ಮನೆಯಲ್ಲಿ ಹಣವಿರಲಿಲ್ಲ. ಕೈಹಿಡಿದವರು ಚಿಕ್ಕಪ್ಪ. ಅವರ ನೆರವಿನಿಂದ ಡೆಲ್ಫ್ಟ್‌ನ ಪಾಲಿಟೆಕ್ನಿಕ್ ಸೇರಿ 1872ರಲ್ಲಿ ರಾಸಾಯನಿಕ ತಂತ್ರಜ್ಞಾನದ ಓದು ಮುಗಿಸಿದರು. ಅಲ್ಲಿ ಸಹಪಾಠಿಯಾಗಿ ಸಿಕ್ಕವರು ವಾಂಟ್ ಹಾಫ್, ಮುಂದೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದವರು. ಇಬ್ಬರೂ ಸೇರಿ ಕೋಣೆಯಲ್ಲೇ ರಾಸಾಯನಿಕ ಪ್ರಯೋಗ ನಡೆಸುತ್ತಿದ್ದರಂತೆ. ಅಕ್ಕಪಕ್ಕದವರ ಪಾಡು ಏನಾಗಿತ್ತೋ!

ಓದು ಮುಗಿದರೂ ಜೀವನ ಸಲೀಸಾಗಲಿಲ್ಲ. ಹೊಟ್ಟೆಪಾಡಿಗೆ ಮೇಷ್ಟ್ರ ಕೆಲಸ, ಜೊತೆಗೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. 1876ರಿಂದ ವಾಖೆನಿಂಗನ್‌ನ ಕೃಷಿ ಶಾಲೆಯಲ್ಲಿ ಪಾಠ ಹೇಳಿದರು. 1877ರಲ್ಲಿ ಡಾಕ್ಟರೇಟ್ ಬಂತು. ಸಂಶೋಧನೆಯ ವಿಷಯ ಗಿಡಗಳ ಮೇಲೆ ಏಳುವ ಗಂಟುಗಳು. ಕೀಟವೊಂದು ಎಲೆಯ ಮೇಲೋ ಕಾಂಡದ ಮೇಲೋ ಮೊಟ್ಟೆ ಇಟ್ಟಾಗ ಅಲ್ಲಿ ಗಿಡವೇ ಉಬ್ಬಿ ಗಂಟು ಕಟ್ಟಿಕೊಳ್ಳುತ್ತದೆ. ಹೊಂಗೆ, ಮಾವಿನ ಎಲೆಗಳ ಮೇಲೆ ನಮ್ಮಲ್ಲೂ ಇಂಥ ಉಬ್ಬುಗಳನ್ನು ನೋಡಬಹುದು. ಹೊರಗಿನಿಂದ ಬಂದ ಜೀವಿಯೊಂದು ಗಿಡದ ಬೆಳವಣಿಗೆಯನ್ನೇ ತನಗೆ ಬೇಕಾದಂತೆ ಹೇಗೆ ತಿರುಗಿಸುತ್ತದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ.

ಈ ಪ್ರಶ್ನೆಯೇ ಅವರನ್ನು ಮುಂದೆ ಬೇರಿನ ಗಂಟಿನತ್ತ ತಂದಿತು. 1679ರಷ್ಟು ಹಿಂದೆಯೇ ಇಟಲಿಯ ಮಾಲ್ಪಿಘಿ ದ್ವಿದಳ ಗಿಡಗಳ ಬೇರಿನ ಗಂಟುಗಳ ಚಿತ್ರ ಬರೆದಿದ್ದರು. ಅವೂ ಕೀಟದಿಂದಲೇ ಆದವು ಎಂದುಕೊಂಡಿದ್ದರು.

ಯೀಸ್ಟ್ ಕಾರ್ಖಾನೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ

1885ರಲ್ಲಿ ಬೈಯರಿಂಕ್ ಕೃಷಿ ಶಾಲೆ ಬಿಟ್ಟು ಡೆಲ್ಫ್ಟ್‌ನ ಯೀಸ್ಟ್ ಮತ್ತು ಮದ್ಯಸಾರ ಕಾರ್ಖಾನೆ ಸೇರಿದರು. ಮಾಲೀಕ ಫಾನ್ ಮಾರ್ಕೆನ್ ದೂರದೃಷ್ಟಿಯವರು. ಕಾರ್ಖಾನೆಯೊಳಗೆ ಸೂಕ್ಷ್ಮಜೀವಿಗಳ ಪ್ರಯೋಗಾಲಯ ಕಟ್ಟಿಸಿಕೊಟ್ಟು, ಏನು ಹುಡುಕಬೇಕು ಎಂಬುದನ್ನು ಬಹುಮಟ್ಟಿಗೆ ಸಂಶೋಧಕರಿಗೇ ಬಿಟ್ಟರು. ಹಾಗಾಗಿ ಬ್ರೆಡ್ಡಿನ ಯೀಸ್ಟ್ ತಯಾರಾಗುವ ಜಾಗದಲ್ಲಿ ಬಟಾಣಿ, ಹುರುಳಿಕಾಯಿ ಜಾತಿಯ ಗಿಡಗಳ ಬೇರು ಸೀಳುವ ಕೆಲಸ ಶುರುವಾಯಿತು. ಕಂಪನಿಯ ಲೆಕ್ಕಪುಸ್ತಕಕ್ಕೆ ಇದರಿಂದ ನೇರ ಲಾಭವೇನೂ ಇರಲಿಲ್ಲ.

ಆ ಹೊತ್ತಿಗೆ ಸಾರಜನಕದ ವಿಚಾರ ಯುರೋಪಿನಲ್ಲಿ ಅರ್ಧ ಶತಮಾನದ ಜಗಳವಾಗಿತ್ತು. ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ ಇದೆ. ಪ್ರೋಟೀನ್ ಕಟ್ಟಲು ಗಿಡಕ್ಕೆ ಅದು ಬೇಕೇ ಬೇಕು. ಆದರೆ ಗಾಳಿಯ ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಎಷ್ಟು ಬಿಗಿಯಾಗಿ ಅಂಟಿಕೊಂಡಿವೆ ಎಂದರೆ ಯಾವ ಗಿಡವೂ ತಾನಾಗಿ ಅದನ್ನು ಬಿಡಿಸಲಾರದು. ಫ್ರಾನ್ಸ್‌ನ ಬೂಸಿಂಗೋ 1838ರಲ್ಲೇ ಕ್ಲೋವರ್, ಬಟಾಣಿಗಳಿಗೆ ಎಲ್ಲಿಂದಲೋ ಹೆಚ್ಚಿನ ಸಾರಜನಕ ಸಿಗುತ್ತಿದೆ ಎಂದು ತೂಕ ಹಾಕಿ ತೋರಿಸಿದ್ದರು. ಇಂಗ್ಲೆಂಡ್‌ನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1850ರ ದಶಕದ ಕೊನೆಯಲ್ಲಿ ಅತ್ಯಂತ ಎಚ್ಚರಿಕೆಯಿಂದ ಪ್ರಯೋಗ ಮಾಡಿದರು. ಅವರಿಗೆ ಅಂಥದ್ದೇನೂ ಕಾಣಲಿಲ್ಲ. ಅವರ ಎಚ್ಚರಿಕೆಯೇ ಮುಳುವಾಗಿತ್ತು: ಲೆಕ್ಕ ತಪ್ಪಬಾರದೆಂದು ಮಣ್ಣನ್ನು ಚೆನ್ನಾಗಿ ಸುಟ್ಟು ಬಳಸಿದ್ದರು. ಕೆಲಸ ಮಾಡಬೇಕಿದ್ದ ಜೀವಿಗಳೆಲ್ಲ ಅದರಲ್ಲೇ ಸತ್ತುಹೋಗಿದ್ದವು.

ಗಂಟು ಬಿಡಿಸಿದ್ದು ಜರ್ಮನಿಯ ಹೆರ್ಮನ್ ಹೆಲ್‌ರೀಗೆಲ್ ಮತ್ತು ಅವರ ಸಹಾಯಕ ವಿಲ್ಫಾರ್ತ್. ಕುಂಡಗಳಲ್ಲಿ ಮರಳು ತುಂಬಿ ಓಟ್ಸ್ ಮತ್ತು ಬಟಾಣಿ ಬೆಳೆಸಿದರು. ಓಟ್ಸ್ ಹಾಕಿದ ಗೊಬ್ಬರಕ್ಕೆ ತಕ್ಕಂತೆ ಬೆಳೆಯಿತು. ಬಟಾಣಿಯ ವರ್ತನೆ ಬೇರೆ. ಕ್ರಿಮಿಶುದ್ಧ ಮಾಡಿದ ಮರಳಿನಲ್ಲಿ ಅದು ಸೊರಗಿತು. ಹೊಲದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಹೊಯ್ದರೆ ಬೇರಿನಲ್ಲಿ ಗಂಟು ಕಟ್ಟಿ, ಗೊಬ್ಬರವಿಲ್ಲದೆಯೂ ಹಸಿರಾಗಿ ಎದ್ದಿತು. ಅದೇ ನೀರನ್ನು ಕುದಿಸಿ ಹೊಯ್ದರೆ ಏನೂ ಆಗಲಿಲ್ಲ. 1886ರಲ್ಲಿ ಬರ್ಲಿನ್‌ನ ವಿಜ್ಞಾನಿಗಳ ಸಭೆಯಲ್ಲಿ ಹೆಲ್‌ರೀಗೆಲ್ ಇದನ್ನು ಮಂಡಿಸಿದರು. ಮಣ್ಣಿನಲ್ಲಿರುವ ಯಾವುದೋ ಸೂಕ್ಷ್ಮಜೀವಿ ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತಿದೆ ಎಂಬುದು ತೀರ್ಮಾನ. ಆದರೆ ಆ ಜೀವಿ ಯಾವುದು? ಅದನ್ನು ಯಾರೂ ಹಿಡಿದಿರಲಿಲ್ಲ.

ಗಂಟಿನೊಳಗೆ ಸಣ್ಣ ಕಡ್ಡಿಯಂಥ, ಕವೆಯಂಥ ಕಣಗಳಿರುವುದನ್ನು ರಷ್ಯಾದ ವೊರೋನಿನ್ 1866ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಅವು ಬ್ಯಾಕ್ಟೀರಿಯಾಗಳೇ ಅಲ್ಲ, ಗಿಡ ಕೂಡಿಟ್ಟ ಪ್ರೋಟೀನ್ ಕಣಗಳು ಎಂದು ವಾದಿಸುವವರು 1880ರ ದಶಕದಲ್ಲೂ ಇದ್ದರು. ಬೈಯರಿಂಕ್ ಈ ವಾದಕ್ಕೆ ತೆರೆ ಎಳೆದ ರೀತಿ ಸರಳ, ಆದರೆ ಅದುವರೆಗೆ ಯಾರಿಗೂ ಹೊಳೆಯದ್ದು. ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಬೆಳೆಸಲು ಮಾಂಸದ ಸಾರಿನಂಥ ಪುಷ್ಟಿಯ ಆಹಾರ ಕೊಡುವುದು ರೂಢಿ. ಹಾಗೆ ಕೊಟ್ಟರೆ ಗಂಟಿನ ಜೀವಿ ಮೇಲೇಳುವ ಮೊದಲೇ ಬೇರೆಲ್ಲ ಬ್ಯಾಕ್ಟೀರಿಯಾಗಳು ತಟ್ಟೆ ತುಂಬಿಬಿಡುತ್ತವೆ. ಬೈಯರಿಂಕ್ ಅದರ ಬದಲು ಅದೇ ಜಾತಿಯ ಗಿಡದ ಎಲೆಯ ಕಷಾಯಕ್ಕೆ ಜೆಲಾಟಿನ್, ಸ್ವಲ್ಪ ಸಕ್ಕರೆ, ಸ್ವಲ್ಪ ಆಸ್ಪರಜಿನ್ ಬೆರೆಸಿ ತೆಳು ಆಹಾರ ಮಾಡಿದರು. ಗಂಟಿನ ಹೊರಮೈಯನ್ನು ಶುಚಿಗೊಳಿಸಿ, ಒಳಗಿನ ತಿರುಳನ್ನು ಅದರ ಮೇಲೆ ಹರಡಿದರು. ಆ ಬಡ ಊಟದಲ್ಲಿ ಗಂಟಿನ ಜೀವಿ ನಿಧಾನವಾಗಿ ಬೆಳೆದು ಕಾಣಿಸಿಕೊಂಡಿತು.

1888ರಲ್ಲಿ ಅವರು ಇದನ್ನು ಪ್ರಕಟಿಸಿ ಜೀವಿಗೆ ಬ್ಯಾಸಿಲಸ್ ರಾಡಿಸಿಕೋಲಾ ಎಂದು ಹೆಸರಿಟ್ಟರು. ಮರುವರ್ಷ ಜರ್ಮನಿಯ ಫ್ರಾಂಕ್ ಕೊಟ್ಟ ರೈಜೋಬಿಯಂ ಎಂಬ ಹೆಸರು ಉಳಿಯಿತು, ಬೈಯರಿಂಕ್ ಇಟ್ಟ ಹೆಸರು ಮರೆಯಾಯಿತು. ತಾವು ಬೆಳೆಸಿದ ಶುದ್ಧ ಜೀವಿಯನ್ನು ಕ್ರಿಮಿಶುದ್ಧ ಮಣ್ಣಿನ ಗಿಡಕ್ಕೆ ಹಾಕಿದರೆ ಬೇರಿನಲ್ಲಿ ಗಂಟು ಮೂಡುತ್ತದೆ ಎಂಬುದನ್ನೂ 1890ರ ಹೊತ್ತಿಗೆ ಅವರು ತೋರಿಸಿದರು. ಪೋಲೆಂಡ್‌ನ ಪ್ರಾಜ್ಮೋವ್‌ಸ್ಕಿ ಕೂಡ ಅದೇ ಸಮಯದಲ್ಲಿ ಬಟಾಣಿಯಲ್ಲಿ ಅದನ್ನೇ ಸಾಧಿಸಿದರು.

ಸಂಶಯ

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಹೆಲ್‌ರೀಗೆಲ್ ಹೇಳಿದ ಜೀವಿ ಬೈಯರಿಂಕ್ ಕೈಯಲ್ಲಿತ್ತು. ಅದನ್ನು ಗಾಜಿನ ಪಾತ್ರೆಯಲ್ಲಿ ಒಂಟಿಯಾಗಿ ಬೆಳೆಸಿ, ಗಾಳಿಯಿಂದ ಸಾರಜನಕ ಹಿಡಿಯುತ್ತದೆಯೇ ಎಂದು ಅಳೆದರೆ ಮುಗಿಯಿತು. ಬೈಯರಿಂಕ್ ಅಳೆದರು. ಹಿಡಿಯಲಿಲ್ಲ. ಮತ್ತೆ ಅಳೆದರು. ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಪ್ರಯೋಗದಲ್ಲಿ ಕಾಣದ್ದನ್ನು ಇದೆ ಎನ್ನುವ ಸ್ವಭಾವ ಅವರದ್ದಲ್ಲ. ಹೆಲ್‌ರೀಗೆಲ್ ಅವರ ಕುಂಡಗಳು ಕಣ್ಣೆದುರಿಗಿದ್ದರೂ, ತಮ್ಮ ಬ್ಯಾಕ್ಟೀರಿಯಾವೇ ಆ ಕೆಲಸ ಮಾಡುತ್ತಿದೆ ಎಂಬುದನ್ನು ಬೈಯರಿಂಕ್ ದೀರ್ಘಕಾಲ ಒಪ್ಪಲಿಲ್ಲ. ಉಳಿದ ಜಗತ್ತು ಅವರಿಗಾಗಿ ಕಾಯಲಿಲ್ಲ. 1896ರಲ್ಲೇ ಜರ್ಮನಿಯಲ್ಲಿ ನೊಬ್ಬೆ ಮತ್ತು ಹಿಲ್ಟ್ನರ್ ಈ ಬ್ಯಾಕ್ಟೀರಿಯಾವನ್ನು ನೈಟ್ರಾಜಿನ್ ಎಂಬ ಹೆಸರಿನಲ್ಲಿ ರೈತರಿಗೆ ಮಾರಲು ಶುರುಮಾಡಿದರು. ಇದನ್ನು ಹಟಮಾರಿತನ ಎನ್ನುವವರು ಎನ್ನಲಿ. ಅವರ ಪಾತ್ರೆಗಳು ಸುಳ್ಳು ಹೇಳಿರಲಿಲ್ಲ ಎಂಬುದು ಗೊತ್ತಾಗಿದ್ದು ಬಹಳ ತಡವಾಗಿ.

ಯಾಕೆಂದರೆ ಈ ಸ್ನೇಹ ಅಷ್ಟು ಸರಳವಲ್ಲ. ಗಿಡದ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಬಿಟ್ಟು ಕರೆ ಕೊಡುತ್ತದೆ. ಬ್ಯಾಕ್ಟೀರಿಯಾ ತನ್ನದೇ ಸಂಕೇತದ ಅಣುವನ್ನು ಬಿಟ್ಟು ಉತ್ತರಿಸುತ್ತದೆ. ಎರಡೂ ಹೊಂದಿದರೆ ಮಾತ್ರ ಬೇರಿನ ಕೂದಲು ಸುರುಳಿ ಸುತ್ತಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಗಂಟು ಕಟ್ಟುತ್ತದೆ. ಸಾರಜನಕದ ಬಂಧ ಮುರಿಯುವ ನೈಟ್ರೋಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ಸೋಕಿದರೆ ಕೆಟ್ಟುಹೋಗುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಈ ಇಕ್ಕಟ್ಟಿಗೆ ಗಂಟಿನೊಳಗೆ ಪರಿಹಾರವಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಡಿಯಾಗಿ ಓಡಾಡಲು ಬಿಡದೆ ಅಳೆದು ಕೊಡುತ್ತದೆ. ಸೀಳಿದ ಗಂಟಿನಲ್ಲಿ ಕಾಣುವ ತಿಳಿಗೆಂಪು ಅದರದ್ದೇ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ, ಹಸಿರೋ ಬಿಳಿಚಿಯೋ ಇದ್ದರೆ ಇಲ್ಲ ಎಂದು ಕೃಷಿ ಅಧಿಕಾರಿಗಳು ರೈತರಿಗೆ ಹೇಳಿಕೊಡುವುದು ಇದೇ ಕಾರಣಕ್ಕೆ. ಬೈಯರಿಂಕ್ ಕಾಲದಲ್ಲಿ ಆ ಕೆಂಪಿನ ಅರ್ಥ ಯಾರಿಗೂ ತಿಳಿದಿರಲಿಲ್ಲ. ಅದು ಹಿಮೋಗ್ಲೋಬಿನ್ ಎಂದು ಜಪಾನಿನ ಕುಬೊ ಗುರುತಿಸಿದ್ದು 1939ರಲ್ಲಿ.

ಪ್ರೊಫೆಸರ್ ಮತ್ತು ಅವರ ಸಿಟ್ಟು

1895ರಲ್ಲಿ ಬೈಯರಿಂಕ್ ತಾವು ಓದಿದ ಡೆಲ್ಫ್ಟ್ ಪಾಲಿಟೆಕ್ನಿಕ್‌ಗೇ ಪ್ರೊಫೆಸರ್ ಆಗಿ ಬಂದರು. ಹೊಸ ಪ್ರಯೋಗಾಲಯ, ಗಾಜಿನ ಮನೆ ಸಿಕ್ಕವು. ಮುಂದಿನ ಕೆಲವೇ ವರ್ಷಗಳಲ್ಲಿ ಅವರು ಮಾಡಿದ ಕೆಲಸ ಬೇರೊಬ್ಬರಿಗೆ ಮೂರು ಜನ್ಮಕ್ಕೆ ಸಾಕಾಗುತ್ತಿತ್ತು.

ವಾಖೆನಿಂಗನ್‌ನಲ್ಲಿ ಜೊತೆಗಿದ್ದ ಅಡಾಲ್ಫ್ ಮಾಯರ್ ತಂಬಾಕಿನ ಎಲೆಗೆ ಬರುವ ಮೊಸಾಯಿಕ್ ರೋಗವನ್ನು ಅಧ್ಯಯನ ಮಾಡಿದ್ದರು. ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಹುಡುಕಿ ಬೈಯರಿಂಕ್ ಆಗಲೇ ಸೋತಿದ್ದರು. ಈಗ ಮತ್ತೆ ಕೈ ಹಾಕಿದರು. ರೋಗಿ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದರೂ ಅದು ರೋಗ ಹರಡಿತು. ರಷ್ಯಾದ ಇವನೋವ್‌ಸ್ಕಿ 1892ರಲ್ಲಿ ಇದನ್ನು ಕಂಡಿದ್ದರು, ಆದರೆ ಬ್ಯಾಕ್ಟೀರಿಯಾದ ಗುಂಗಿನಿಂದ ಹೊರಬಂದಿರಲಿಲ್ಲ. ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಜೀವಂತ ಗಿಡದ ಕೋಶದೊಳಗೆ ಮಾತ್ರ ಹೆಚ್ಚುವ ಬೇರೆಯದೇ ವಸ್ತು ಎಂದು ಬೈಯರಿಂಕ್ 1898ರಲ್ಲಿ ಸಾರಿದರು, ಅದನ್ನು ವೈರಸ್ ಎಂದು ಕರೆದರು. ಅದು ದ್ರವ ರೂಪದ್ದು ಎಂಬ ಅವರ ಊಹೆ ಮುಂದೆ ತಪ್ಪೆಂದು ಸಾಬೀತಾಯಿತು. ಆದರೂ ಕೋವಿಡ್ ಕಾಲದಲ್ಲಿ ಮನೆಮಾತಾದ ವೈರಸ್ ಎಂಬ ಕಲ್ಪನೆಯ ಬೇರು ಇಲ್ಲಿದೆ. ತಂದೆಯನ್ನು ಮುಳುಗಿಸಿದ ತಂಬಾಕು ಮಗನನ್ನು ಇತಿಹಾಸದಲ್ಲಿ ತೇಲಿಸಿತು.

1901ರಲ್ಲಿ ಇನ್ನೊಂದು ಶೋಧ. ಡೆಲ್ಫ್ಟ್‌ನ ತೋಟದ ಮಣ್ಣು, ಕಾಲುವೆಯ ನೀರಿನಲ್ಲಿ ಯಾವ ಗಿಡದ ಹಂಗೂ ಇಲ್ಲದೆ ಸಾರಜನಕ ಹಿಡಿಯುವ ಅಜೋಟೋಬ್ಯಾಕ್ಟರ್ ಅವರಿಗೆ ಸಿಕ್ಕಿತು. ಇಲ್ಲಿಯೂ ಅದೇ ಉಪಾಯ: ಸಾರಜನಕವೇ ಇಲ್ಲದ ಆಹಾರ ಕೊಟ್ಟು, ಆ ಬರಗಾಲದಲ್ಲಿ ಬದುಕಬಲ್ಲವನು ಮಾತ್ರ ಮೇಲೆದ್ದು ಬರುವಂತೆ ಮಾಡುವುದು. ಅವರೂ ರಷ್ಯಾದ ವಿನೋಗ್ರಾಡ್‌ಸ್ಕಿಯೂ ಬೆಳೆಸಿದ ಈ ವಿಧಾನ ಇಂದಿಗೂ ಸೂಕ್ಷ್ಮಜೀವಿ ಪ್ರಯೋಗಾಲಯಗಳ ದಿನನಿತ್ಯದ ಕೆಲಸ.

ಮನುಷ್ಯರ ಜೊತೆ ಮಾತ್ರ ಅವರಿಗೆ ಹೊಂದಿಕೆಯಾಗಲಿಲ್ಲ. ವಿದ್ಯಾರ್ಥಿಗಳು ಹೆದರುತ್ತಿದ್ದರು. ತಪ್ಪು ಮಾಡಿದವರನ್ನು ಎಲ್ಲರೆದುರು ಹೀಯಾಳಿಸುತ್ತಿದ್ದರು. ಸಹಾಯಕರು ಮದುವೆಯಾಗುವುದೂ ಅವರಿಗೆ ಸೇರುತ್ತಿರಲಿಲ್ಲ. ವಿಜ್ಞಾನ ಮತ್ತು ಸಂಸಾರ ಒಟ್ಟಿಗೆ ನಡೆಯವು ಎಂಬುದು ಅವರ ನಂಬಿಕೆ. ಸ್ವತಃ ಮದುವೆಯಾಗಲಿಲ್ಲ. ಮನೆಯಲ್ಲಿ ಇಬ್ಬರು ಅಕ್ಕಂದಿರು, ಹೆನ್ರಿಯೆಟ್ ಮತ್ತು ಯೊಹಾನಾ. ತಮ್ಮನ ತರಗತಿಗೆ ಬೇಕಾದ ದೊಡ್ಡ ಚಿತ್ರಪಟಗಳನ್ನು ಬರೆದುಕೊಡುತ್ತಿದ್ದವರು ಹೆನ್ರಿಯೆಟ್. ಬೈಯರಿಂಕ್ ಹೆಸರಿನ ಪಕ್ಕದಲ್ಲಿ ಅವರ ಹೆಸರು ಅಪರೂಪಕ್ಕೂ ಕಾಣುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಬೈಯರಿಂಕ್ ಅವರನ್ನು ಖಿನ್ನತೆ ಆಗಾಗ ಹಿಡಿಯುತ್ತಿತ್ತು. ಜೀವಿಗಳ ಸಹಬಾಳ್ವೆಯನ್ನು ಅಷ್ಟು ಹತ್ತಿರದಿಂದ ನೋಡಿದ ಮನುಷ್ಯ ಬದುಕಿದ್ದು ಹೀಗೆ.

1905ರಲ್ಲಿ ಡಚ್ ಅಕಾಡೆಮಿಯ ಲೇವನ್‌ಹುಕ್ ಪದಕ ಬಂತು. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಅದು ದೊಡ್ಡ ಗೌರವ. ನೊಬೆಲ್ ಬರಲಿಲ್ಲ. ರೋಗಗಳ ಬೆನ್ನು ಹತ್ತಿದ ಪಾಶ್ಚರ್, ಕಾಕ್ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಮಣ್ಣಿನ ಬ್ಯಾಕ್ಟೀರಿಯಾ ಹಿಡಿದವರಿಗೆ ಆ ಭಾಗ್ಯವಿಲ್ಲ.

ಕಾರ್ಖಾನೆಯ ದಾರಿ, ಬೇರಿನ ದಾರಿ

ಬೈಯರಿಂಕ್ ಪ್ರೊಫೆಸರ್ ಆಗಿದ್ದಾಗಲೇ ಸಾರಜನಕದ ಬಂಧ ಮುರಿಯಲು ಮನುಷ್ಯ ತನ್ನದೇ ದಾರಿ ಕಂಡುಕೊಂಡ. 1909ರಲ್ಲಿ ಜರ್ಮನಿಯ ಹೇಬರ್ ಪ್ರಯೋಗಾಲಯದಲ್ಲಿ ಅಮೋನಿಯಾ ಮಾಡಿ ತೋರಿಸಿದರು, 1913ರಲ್ಲಿ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದರು. ಇಂದಿನ ಯೂರಿಯಾದ ಮೂಲ ಅದೇ. ಅಹಮದಾಬಾದಿನ ಚಾಂದ್‌ಖೇಡಾ ದಾಟಿ ಉತ್ತರಕ್ಕೆ ಹೋದರೆ ಸಿಗುವ ಕಲೋಲ್‌ನಲ್ಲಿ ಇಫ್ಕೋ ಸಂಸ್ಥೆಯ ಯೂರಿಯಾ ಸ್ಥಾವರ 1970ರ ದಶಕದಿಂದ ನಡೆದಿದೆ. ನಮ್ಮ ಮಂಗಳೂರಿನ ಪಣಂಬೂರಿನಲ್ಲೂ ಅದೇ ದಶಕದಲ್ಲಿ ಯೂರಿಯಾ ಕಾರ್ಖಾನೆ ಬಂತು. ಇಂಥ ಕಡೆ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು.

ಕಲೋಲ್‌ನಿಂದ ಸೌರಾಷ್ಟ್ರದ ಕಡೆ ಹೊರಳಿದರೆ ಎಕರೆಗಟ್ಟಲೆ ಶೇಂಗಾ. ಆ ಗಿಡಗಳ ಬೇರಿನಲ್ಲಿ ಅದೇ ಕೆಲಸ ಮಣ್ಣಿನ ತಂಪಿನಲ್ಲಿ, ಯಾವ ಸದ್ದೂ ಇಲ್ಲದೆ ನಡೆಯುತ್ತಿರುತ್ತದೆ. ಪುಕ್ಕಟೆಯಾಗಿ ಏನಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆಯಲ್ಲಿ ಒಂದು ಪಾಲನ್ನು ಗಿಡ ಬ್ಯಾಕ್ಟೀರಿಯಾಕ್ಕೆ ಕೊಡಬೇಕು. ಅದಕ್ಕೇ ಹೊಲಕ್ಕೆ ಯೂರಿಯಾ ಹೆಚ್ಚಾಗಿ ಬಿದ್ದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಕೈಗೆ ಸಿಗುವುದಿದ್ದರೆ ದುಡಿದು ಯಾಕೆ ಕೊಡಬೇಕು ಎಂಬ ಲೆಕ್ಕ.

ಎಲ್ಲ ಬೆಳೆಗೂ ಒಂದೇ ಬ್ಯಾಕ್ಟೀರಿಯಾ ಹೊಂದುವುದಿಲ್ಲ. ಬಟಾಣಿಯದ್ದು ಸೋಯಾಗೆ ಆಗದು. ಬೀದರ್, ಬೆಳಗಾವಿ, ಧಾರವಾಡದ ಹೊಲಗಳಿಗೆ ಸೋಯಾ ಹೊಸದಾಗಿ ಬಂದ ಬೆಳೆ. ಅದಕ್ಕೆ ಹೊಂದುವ ಬ್ಯಾಕ್ಟೀರಿಯಾವನ್ನು ಬೀಜದ ಜೊತೆಗೇ ಕೊಟ್ಟರೆ ಒಳ್ಳೆಯದು ಎನ್ನುವುದು ಇದಕ್ಕೇ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸಿಗುವ ರೈಜೋಬಿಯಂ ಪೊಟ್ಟಣದ ಮೇಲೆ ಯಾವ ಬೆಳೆಗೆ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಬೇಕು. ಆರಿದ ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಒಣಗಿಸಿ ಬಿತ್ತುವುದು ಕ್ರಮ. ಬಿಸಿ ಪಾಕ, ಬಿಸಿಲು, ಅವಧಿ ಮೀರಿದ ಪೊಟ್ಟಣ, ಇವುಗಳಲ್ಲಿ ಯಾವುದೊಂದಾದರೂ ಸಾಕು, ಒಳಗಿನ ಜೀವಿ ಸತ್ತು ಬರೀ ಕಪ್ಪು ಪುಡಿ ಉಳಿಯುತ್ತದೆ. ಆ ಪುಡಿಯೊಳಗಿರುವುದು ಬೈಯರಿಂಕ್ ಎಲೆ ಕಷಾಯದಲ್ಲಿ ಬೆಳೆಸಿದ್ದರ ಬಳಗವೇ.

ಕೊನೆಯ ವರ್ಷಗಳು

1921ರಲ್ಲಿ, 70 ತುಂಬಿದಾಗ, ನಿಯಮದಂತೆ ನಿವೃತ್ತಿಯಾಗಬೇಕಾಯಿತು. ಪ್ರಯೋಗಾಲಯ ಬಿಡುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಅಭಿಮಾನಿಗಳು ಅವರ ಸಂಶೋಧನಾ ಲೇಖನಗಳನ್ನೆಲ್ಲ ಕೂಡಿಸಿ ಐದು ಸಂಪುಟ ತಂದರು. ಪೀಠಕ್ಕೆ ಆಲ್ಬರ್ಟ್ ಕ್ಲೂಯ್ವರ್ ಎಂಬ ಯುವಕ ಬಂದರು, ಮುಂದೆ ಡೆಲ್ಫ್ಟ್‌ನ ಹೆಸರನ್ನು ಇನ್ನಷ್ಟು ಎತ್ತರಕ್ಕೆ ಒಯ್ದರು. ಬೈಯರಿಂಕ್ ಅಕ್ಕಂದಿರ ಜೊತೆ ಖೋರ್ಸೆಲ್ ಎಂಬ ಹಳ್ಳಿಗೆ ಹೋದರು. ಸೂಕ್ಷ್ಮದರ್ಶಕ ದೂರವಾಗಿ, ಬಾಲ್ಯದಂತೆ ಮತ್ತೆ ತೋಟದ ಗಿಡಗಳು ಜೊತೆಯಾದವು. ಕ್ಯಾನ್ಸರ್ ಬಂತು. 1931ರ ಹೊಸ ವರ್ಷದ ದಿನ, ಜನವರಿ 1ರಂದು, ಅವರು ತೀರಿಕೊಂಡರು.

ಅವರು ಬಿಟ್ಟುಹೋದ ಪ್ರಶ್ನೆ ಮತ್ತೆ 44 ವರ್ಷ ಹಾಗೇ ಇತ್ತು. ಗಂಟಿನ ಬ್ಯಾಕ್ಟೀರಿಯಾ ಗಿಡದ ಹೊರಗೆ, ಒಂಟಿಯಾಗಿ ಸಾರಜನಕ ಹಿಡಿದದ್ದನ್ನು ಯಾರೂ ತೋರಿಸಲಾಗಲಿಲ್ಲ. 1975ರಲ್ಲಿ ಬೇರೆ ಬೇರೆ ದೇಶಗಳ ಹಲವು ತಂಡಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಅದನ್ನು ಸಾಧಿಸಿದವು. ಅವರು ಮಾಡಿದ್ದಿಷ್ಟೆ: ಸರಿಯಾದ ತಳಿ ಆರಿಸಿ, ಸರಿಯಾದ ಆಹಾರ ಕೊಟ್ಟು, ಆಮ್ಲಜನಕವನ್ನು ಗಂಟಿನೊಳಗಿರುವಷ್ಟೇ ಕಡಿಮೆಗೆ ಇಳಿಸಿದರು. ಬೈಯರಿಂಕ್ ಪಾತ್ರೆಗಳಲ್ಲಿ ಗಾಳಿ ಹೆಚ್ಚಾಗಿತ್ತು.